ಎರಡನೇ ಬದಿಯ ಕೆಮ್ಮು

ಬಂದರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಹಾಶಿಂಗೆ ಯಂತ್ರಗಳ ಸದ್ದಿನ ಹುಚ್ಚು. ಹಡಗಿನವನೊಬ್ಬ ಬಿಟ್ಟುಹೋದ ಪತ್ರಿಕೆಯಲ್ಲಿ, ಅಂಥ ಸದ್ದನ್ನೇ ಸಂಗೀತವೆಂದು ರೆಕಾರ್ಡ್ ಮಾಡಿ ಮಾರುವ ಜರ್ಮನಿಯ ಪುಟ್ಟ ಕಂಪೆನಿಯೊಂದರ ವಿಳಾಸ ಸಿಕ್ಕಿತು. ಗಂಡ ಹೆಂಡತಿ ಇಬ್ಬರೇ ಮನೆಯಲ್ಲಿ ನಡೆಸುವ ಕಂಪೆನಿ. 1981ರ ಬೇಸಗೆಯಲ್ಲಿ ಅವನು ಟೇಪ್‌ರೆಕಾರ್ಡರ್ ಹೊತ್ತು ಜೆಪ್ಪುವಿನ ಹಂಚಿನ ಕಾರ್ಖಾನೆಗೆ ಹೋದ.

ಮಣ್ಣು ಒತ್ತುವ ಪ್ರೆಸ್ಸಿನ ಬಳಿ ಹಸಿ ಹಂಚು ಎತ್ತುತ್ತಿದ್ದ ವಿನಿಫ್ರೆಡ್ ಬಾಯಿ ಎಂಬಾಕೆಗೆ ಬಿಡದ ಕೆಮ್ಮು.

“ಬಾಯಿ, ಸ್ವಲ್ಪ ಆಚೆ ಹೋಗ್ತೀರಾ? ನಿಮ್ಮ ಕೆಮ್ಮು ಟೇಪಿಗೆ ಬೀಳ್ತಾ ಉಂಟು.”

“ಎಂತ ಮಾಡುದು ಮಾರಾಯ, ಅದು ನನ್ನ ಮಾತು ಕೇಳುದಿಲ್ಲ.” ಆಕೆ ನಕ್ಕು, ಸೆರಗು ಬಾಯಿಗೊತ್ತಿ ಮಣ್ಣಿನ ರಾಶಿಯ ಹಿಂದೆ ಹೋಗಿ ನಿಂತರು.

ಹಾಶಿಂ ಟೇಪನ್ನು ಜರ್ಮನಿಗೆ ಕಳಿಸಿದ. ಮರುವರ್ಷ ಮಳೆಗಾಲದಲ್ಲಿ ವಿನಿಫ್ರೆಡ್ ಬಾಯಿ ತೀರಿಕೊಂಡರು. ಅದಾಗಿ ಎರಡು ತಿಂಗಳಿಗೆ ಪಾರ್ಸೆಲ್ ಬಂತು: ಐದು ರೆಕಾರ್ಡು, ಒಂದು ಪತ್ರ.

ಹಾಶಿಂ ಸಂಭ್ರಮದಿಂದ ರೆಕಾರ್ಡಿನ ಮೇಲೆ ಮುಳ್ಳು ಇಟ್ಟ. ಮೊದಲ ಬದಿಯಲ್ಲಿ ಪ್ರೆಸ್ಸಿನ ಬಡಿತ, ಬೆಲ್ಟಿನ ಕಿರುಚು. ಎರಡನೇ ಬದಿಯಲ್ಲಿ ಅವೆಲ್ಲ ಹಿಂದೆ ಸರಿದು, ಏನೋ ಒಂದು ಉಸಿರೆಳೆದು ಒಡೆಯತೊಡಗಿತು. ನಿಧಾನವಾಗಿ, ಮತ್ತೆ ಮತ್ತೆ, ಹದಿನೆಂಟು ನಿಮಿಷ. ವಿನಿಫ್ರೆಡ್ ಬಾಯಿಯ ಕೆಮ್ಮಿನ ಒಂದು ತುಣುಕನ್ನೇ ತಿರುತಿರುಗಿಸಿ ಕಂಪೆನಿಯವರು ತಾಳ ಮಾಡಿದ್ದರು. ಪತ್ರದಲ್ಲಿ ಕೇಳಿದ್ದರು: ‘ಇದು ಯಾವ ಯಂತ್ರ? ನಮಗೆ ಬಹಳ ಹಿಡಿಸಿತು.’

ಹಾಶಿಂ ಮುಳ್ಳು ಎತ್ತಿಬಿಟ್ಟ. ರೆಕಾರ್ಡ್ ನಿಲ್ಲಿಸಿದ ಮೇಲೂ ಬೆನ್ನ ಹಿಂದೆ ಯಾರೋ ಕೆಮ್ಮು ತಡೆದುಕೊಂಡು ನಿಂತಂತೆ ಅನಿಸಿತು. ಮೂರು ದಿನ ಹಾಗೆಯೇ ಕಳೆದು, ನಾಲ್ಕನೆಯ ದಿನ ಜೆಪ್ಪುವಿಗೆ ಹೋಗಿ ಆಕೆಯ ಮಗಳು ಹೆಲನ್‌ಗೆ ಎಲ್ಲ ಹೇಳಿದ. ಅವಳು ಅವನ ಜೊತೆಗೇ ಅಂಗಡಿಗೆ ಬಂದಳು.

“ನೀನು ಹೇಳಿದ್ರೆ ಎಲ್ಲ ಒಡೆದು ಹಾಕ್ತೇನೆ, ಹೆಲನ್.”

“ಮೊದಲು ಒಮ್ಮೆ ಕೇಳಿಸಿ, ಹಾಶಿಮಣ್ಣ. ಅಮ್ಮನದ್ದು ಒಂದು ಫೋಟೊ ಸಹ ಇಲ್ಲ ನಮ್ಮಲ್ಲಿ.”

ಸ್ಪೀಕರಿಗೆ ಕಿವಿಯಾನಿಸಿ ಪೂರ್ತಿ ಕೇಳಿದಳು. “ಅಮ್ಮನೇ. ಬೆಳಗ್ಗೆ ಒಲೆ ಹೊತ್ತಿಸುವಾಗ ಹೀಗೇ ಕೆಮ್ತಿದ್ರು. ನಾವು ಏಳ್ತಿದ್ದದ್ದೇ ಅದನ್ನು ಕೇಳಿ.” ಕಿವಿ ತೆಗೆಯದೆಯೇ ಅಂದಳು, “ಇನ್ನೊಮ್ಮೆ ಹಾಕ್ತೀರಾ?”

ಅದು ಯಂತ್ರವಲ್ಲ, ವಿನಿಫ್ರೆಡ್ ಡಿಸೋಜ ಎಂಬ ಹೆಂಗಸು, ಕವರಿನ ಮೇಲೆ ಹೆಸರು ಹಾಕಿ ಎಂದು ಹಾಶಿಂ ಅಂದೇ ಜರ್ಮನಿಗೆ ಬರೆದ. ಕ್ಷಮೆ ಕೇಳಿ ಉತ್ತರ ಬಂತು. ಅವನಿಗೆ ಕಳಿಸಿದ ಐದನ್ನು ಬಿಟ್ಟು, ಮಾರಲು ಮಾಡಿಸಿದ್ದ ಮುನ್ನೂರು ರೆಕಾರ್ಡುಗಳೂ ಆಗಲೇ ಮಾರಾಟವಾಗಿದ್ದವು. ಕಾಣದ ಊರುಗಳ ಮುನ್ನೂರು ಮನೆಗಳಲ್ಲಿ ಆಕೆ ಹೆಸರಿಲ್ಲದೆ ಕೆಮ್ಮುತ್ತಿದ್ದರು.

ಹಾಶಿಂ ಮತ್ತೆಂದೂ ಸದ್ದು ಹಿಡಿಯಲು ಹೋಗಲಿಲ್ಲ. ಪ್ರತಿ ಆದಿತ್ಯವಾರ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಹೆಲನ್ ಅಂಗಡಿಗೆ ಬರುತ್ತಿದ್ದಳು. ಅವಳಿಗಾಗಿ ಎರಡನೇ ಬದಿ ಹಾಕುತ್ತಿದ್ದ. ಎದ್ದು ಆಚೆ ಹೋಗಬೇಕೆಂದು ಅವನಿಗೆ ಪ್ರತಿ ಸಲವೂ ಅನಿಸುತ್ತಿತ್ತು, ಹೋಗುತ್ತಿರಲಿಲ್ಲ.