ಕೆಂಪು ದಾರದ ಇಂಟು

ಸೂಜಿ ಮತ್ತೆ ಸಿಕ್ಕಿಕೊಂಡಿತು, ಹಾಳಾದ್ದು, ಜೋಲಿ ಕಟ್ಟೋ ಈ ದಪ್ಪ ಪಟ್ಟಿ ಮಡಿಸಿದರೆ ಹಲಗೆಯೇ, ಇಕ್ಕಳ ಎಲ್ಲಿ, ಹಾಂ, ತೊಡೆಯ ಕೆಳಗೇ — ಎಳೆ, ನಿಧಾನ, ಬಂತು, ಮೇಣ ತಿಕ್ಕಿದ ದಾರ ಸುಯ್ಯೆಂದು ಹಿಂದೆಯೇ ಬಂತು, ಈ ಸದ್ದಿಗೇ ಎಷ್ಟು ಖುಷಿ ನನಗೆ, ಅರವತ್ತೆರಡಕ್ಕೆ ಹೊಸ ಹುಚ್ಚು ಅಂತ ಸೊಸೆ ನಕ್ಕರೆ ನಗಲಿ, ಮೊದಲು ಚೌಕ ಹೊಲೀರಿ, ಒಳಗೆ ಮೂಲೆಯಿಂದ ಮೂಲೆಗೆ ಇಂಟು, ಜೋಲಿಯ ಭಾರವೆಲ್ಲ ಅದರ ಮೇಲೇ ನಿಲ್ಲೋದು ಅಂದಿದ್ದ ಚೀಲ ರಿಪೇರಿಯವನು, ಅವನ ಹತ್ತಿರ ಇದ್ದದ್ದೂ ಕೆಂಪು ದಾರವೊಂದೇ, ಮೂವತ್ತು ವರ್ಷ ಕೆಂಪು ಇಂಕಿನಲ್ಲಿ ಇಂಟು ಹಾಕಿದ ಲೆಕ್ಕದ ಟೀಚರಿಗೆ ಬೇರೆ ಬಣ್ಣ ಎಲ್ಲಿ ಸಿಗುತ್ತೆ — ಮೊದಲ ಇಂಟು ಹಾಕಿದ್ದು ಮಾತ್ರ ಶಾಲೆಯಲ್ಲಲ್ಲ, ಅಡುಗೆಮನೆಯ ಮೇಜಿನ ಮೇಲೆ, ತಮ್ಮನ ನೋಟುಬುಕ್ಕಿಗೆ, ಏಳೆಂಟ್ಲ ಐವತ್ನಾಲ್ಕು ಅಂತ ಬರೆದಿದ್ದ ಕತ್ತೆ, ಪುಟ ಹರಿಯುವಷ್ಟು ಒತ್ತಿ ಹಾಕಿದ್ದೆ, ಅವನು ಅಳಲಿಲ್ಲ, ತುಟಿ ಬಿಗಿದು ನಕ್ಕ, ಬೇಜಾರಾದಾಗ ಅವನು ನಗೋದು ಹಾಗೆ, ಹೋದ ಭಾನುವಾರವೂ ಹಾಗೇ ನಕ್ಕ, ಅಂಗಳದ ಎರಡು ಮರಕ್ಕೆ ಕಟ್ಟಿದ್ದ, ಅಂಗಡಿಯಿಂದ ತಂದ ಜೋಲಿಯ ಹಗ್ಗ ಪಟ್ಟೆಂದು ಕಿತ್ತು ಧಡಾರನೆ ನೆಲಕ್ಕೆ ಬಿದ್ದಾಗ, ಮಕ್ಕಳೆಲ್ಲ ಹೊಟ್ಟೆ ಹಿಡಿದು ನಕ್ಕಾಗ, ನಾನೂ ನಕ್ಕೆ, ಪಾಪಿ, ಆಮೇಲೆ ನೋಡಿದರೆ ಅಷ್ಟು ದೊಡ್ಡ ಮನುಷ್ಯ ನಮ್ಮನೆಯ ಕುರ್ಚಿಗಳನ್ನೆಲ್ಲ ಒಂದೊಂದಾಗಿ ಅನುಮಾನದಿಂದ ನೋಡಿ, ನಿಂತೇ ಊಟ ಮುಗಿಸಿದ, ಅಕ್ಕನ ಮನೆಯಲ್ಲಿ ಕೂರೋಕೆ ಹೆದರಬೇಕೇ ಅವನು.

ಗೇಟಿನ ಸದ್ದು, ಬಂದೇ ಬಿಟ್ಟ, ಕೊನೆಯ ಗಂಟು, ದಾರ ಹಲ್ಲಿನಲ್ಲೇ ಕಚ್ಚು, ಎರಡು ಪಟ್ಟಿ, ನಾಲ್ಕು ತುದಿ, ನಾಲ್ಕು ಇಂಟು, ಎರಡೂ ಮರಕ್ಕೆ ಸುತ್ತಿ ಜೋಲಿ ಸಿಕ್ಕಿಸಿ ನಾನೇ ಮೊದಲು ಕೂತು ಕುಲುಕಿದೆ, ನಿಂತಿತು, ಆದರೆ ನಾನು ಅವನ ಅರ್ಧ — ಅವನು ದೂರದಲ್ಲೇ ನಿಂತ, ಇಲ್ಲೂ ಇಂಟು ಹಾಕ್ಬಿಟ್ಟಿದ್ದೀಯಲ್ಲಕ್ಕಾ, ಈಗೇನು ತಪ್ಪು ಮಾಡ್ದೆ ನಾನು, ತುಟಿ ಬಿಗಿದು ಅದೇ ನಗು, ತಪ್ಪಲ್ವೋ, ಇದು ಗುಣಾಕಾರ, ನೀನು ಇಂಟು ಎರಡು, ನಿನ್ನಂಥವರು ಇಬ್ಬರು ಬಂದ್ರೂ ಜಗ್ಗಲ್ಲ, ನಾನು ಹೊಲ್ದಿದ್ದು ಕಣೋ, ಮಲಗು, ಒಂದು ಕೈ ಮರದ ಮೇಲೇ ಇಟ್ಟುಕೊಂಡು ಕೂತ, ಒಂದು ಕಾಲೆತ್ತಿದ, ಇನ್ನೊಂದು, ಪಟ್ಟಿ ಕಿರ್ರೆಂದಿತು, ಮರ ಬಿಟ್ಟ, ತೂಗಿದ, ಕಣ್ಣು ಮುಚ್ಚಿದ, ಅಕ್ಕಾ, ಏಳೆಂಟ್ಲ ಐವತ್ನಾಲ್ಕು ಅಂದ, ಬೇಕೂಂತಲೇ, ಈ ಸಲ ಬಾಯಿ ತೆರೆದು ಹೊಟ್ಟೆ ಕುಲುಕಿಸಿ ನಕ್ಕ, ಜೋಲಿಯೂ ಕುಲುಕಿತು, ಅವನ ತಲೆಯ ಮೇಲೆ ಇಂಟು, ಬಿಗಿಯಾಗಿ, ಕೆಂಪಗೆ, ಒಂದು ಹೊಲಿಗೆಯೂ ಕದಲದೆ, ಇಂಟು —