ಹದಿನಾಲ್ಕನೆಯ ಕಲಮು

ದೂರದ ಒಂದು ದೇಶದಲ್ಲಿ ಯುದ್ಧ ಮುಗಿದು ಹೊಸ ಸರ್ಕಾರ ಬಂದಿತ್ತು. ಅಲ್ಲಿನ ಕರಡು ಕಾಯ್ದೆಗಳಲ್ಲಿ ಲಂಚಕ್ಕೆ ದಾರಿಯಾಗುವ ಕಲಮುಗಳನ್ನು ಗುರುತಿಸಿಕೊಡುವ ಕೆಲಸ ೨೦೦೪ರಲ್ಲಿ ಪುಣೆಯ ಒಂದು ಸಣ್ಣ ಕಾನೂನು ಅಧ್ಯಯನ ಸಂಸ್ಥೆಗೆ ಬಂತು. ಅಲ್ಲಿ ಕೆಲಸಕ್ಕಿದ್ದ ತ್ರಿವೇಣಿಯ ಪಾಲಿಗೆ ಬಂದದ್ದು ನಿರಾಶ್ರಿತರಿಗೆ ಮನೆ ಹಂಚುವ ಕಾಯ್ದೆ. ಅರ್ಜಿದಾರರ ಬಳಿ ದಾಖಲೆ ಇಲ್ಲದಿದ್ದರೂ, ಅಧಿಕಾರಿಗೆ ಸರಿಯೆನಿಸಿದರೆ ಮನೆ ಕೊಡಬಹುದು ಎಂದಿತ್ತು ಅದರ ಹದಿನಾಲ್ಕನೆಯ ಕಲಮು. ಎಲ್ಲವನ್ನೂ ಅಧಿಕಾರಿಯ ಮರ್ಜಿಗೆ ಬಿಡುವ ಇಂಥ ಮಾತು ಕಂಡರೆ ತ್ರಿವೇಣಿಗೆ ಮೈಯೆಲ್ಲ ಉರಿ. ‘ತೆಗೆದುಹಾಕಿ’ ಎಂದು ಬರೆದಳು.

ಸಂಜೆ ಮನೆಯಲ್ಲಿ ಮೆಂತ್ಯೆಸೊಪ್ಪು ಬಿಡಿಸುತ್ತ ಅತ್ತೆ ಸಾವಂತ್ರವ್ವನಿಗೆ ಅದನ್ನೇ ಹೇಳಿದಳು.

"ಅರವತ್ತೊಂದರಾಗ ಪಾನಶೇತ ಡ್ಯಾಮ್ ಒಡದು ಪುಣೆದಾಗ ನೀರು ನುಗ್ಗಿದಾಗ ನಮ್ಮ ಹತ್ರ ಯಾವ ಕಾಗದ ಇತ್ತವಾ? ಎಲ್ಲಾ ನೀರಪಾಲಾಗಿತ್ತು," ಎಂದರು ಸಾವಂತ್ರವ್ವ. "ಮನಿ ಹಂಚೂ ಸಾಹೇಬ್ರು ನಮ್ಮ ಮಾರಿ ನೋಡಿ ಇರಾಕ ಒಂದು ಖೋಲಿ ಕೊಟ್ರು."

"ಏನೂ ತಗೊಳ್ಳಿಲ್ಲೇನ್ರಿ?"

"ನಮ್ಮ ಕಡೆ ಚಾ ಸೈತ ಕುಡೀಲಿಲ್ಲ." ಸೊಪ್ಪಿನ ಕಡ್ಡಿಗಳನ್ನು ಬದಿಗೆ ಸರಿಸುತ್ತ ಅಂದರು: "ಬಾಜೂಕಿನ ಅಂಬಾಬಾಯಿ ಕಡೆ ಮಾತ್ರ ಬಂಗಾರದ ಬಳಿ ಬಿಚ್ಚಿಸಿಕೊಂಡ್ರಂತ."

ತ್ರಿವೇಣಿಯ ಕೈ ನಿಂತಿತು. ಇಬ್ಬರಿಗೂ ಕೊಟ್ಟವನು ಒಬ್ಬನೇ ಮನುಷ್ಯ. ಅವಳ ಗಂಡ ಹುಟ್ಟಿದ್ದು ಅತ್ತೆಗೆ ಸಿಕ್ಕ ಆ ಖೋಲಿಯಲ್ಲೇ.

ಬೆಳಿಗ್ಗೆ ಬಸ್ಸಿನಲ್ಲಿ ಕೂರಲಾಗದೆ ತನ್ನ ಸ್ಟಾಪಿಗೆ ಮುಂಚೆ ಬರುವ ಡೆಕ್ಕನ್‌ನಲ್ಲೇ ಇಳಿದು, ದಾಪುಗಾಲು ಹಾಕುತ್ತ ಆಫೀಸಿಗೆ ಬಂದಳು. ವರದಿ ಅಂದೇ ಹೋಗಬೇಕಿತ್ತು. ಸಂಸ್ಥೆಯ ಮುಖ್ಯಸ್ಥ ಬಸವಪ್ರಭು ಎದುರಿಗೆ ಸಿಕ್ಕರು.

"ಸರ್, ಆ ಕಲಮು ತಗೀಬಾರ್ದ್ರಿ."

"ನಿನ್ನೆ ನೀವ ತಗೀರಿ ಅಂದಿದ್ರಿ."

"ತಗದ್ರ ಲಂಚ ನಿಲ್ತದ, ಖರೆ. ಕಾಗದ ಸುಟ್ಟುಹೋದವ್ರಿಗೆ ಮನಿ ಸಿಗೂದೂ ನಿಲ್ತದ್ರಿ."

"ತೂತು ತೋರಸೂದಷ್ಟ ನಮ್ಮ ಕೆಲಸ, ತ್ರಿವೇಣಿಯವರ. ಕಾಯ್ದೆ ಬರಿಯೂದಲ್ಲ."

"ಹಂಗಾದ್ರ ವರದಿ ಮ್ಯಾಲೆ ನನ್ನ ಹೆಸರು ಹಾಕಬ್ಯಾಡ್ರಿ."

ಬಸವಪ್ರಭು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಸಂಜೆಯವರೆಗೆ ಸಮಯ ಕೊಟ್ಟರು. ತ್ರಿವೇಣಿ ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಊಟ ಮರೆತೇಹೋಯಿತು. ಕೊನೆಗೆ ಹಾಳೆಯಲ್ಲಿ ಉಳಿದದ್ದು ಇಷ್ಟು: ದಾಖಲೆ ಇಲ್ಲದವರಿಗೆ ಇಬ್ಬರು ನೆರೆಯವರ ಸಾಕ್ಷಿ ಸಾಕು. ಆದರೆ ಮನೆ ಯಾರಿಗೆ, ಯಾಕೆ ಕೊಟ್ಟೆ ಎಂಬುದನ್ನು ಅಧಿಕಾರಿ ಜನರ ಮುಂದೆ ಓದಿ ಹೇಳಬೇಕು. ವರದಿ ಹಾಗೆಯೇ ಹೋಯಿತು.

ಮಳೆಗಾಲದಲ್ಲಿ ಕಾಯ್ದೆ ಪಾಸಾದ ಸುದ್ದಿ ಬಂತು. ನೆರೆಯವರ ಸಾಕ್ಷಿ ಸೇರಿತ್ತು. ಜನರ ಮುಂದೆ ಓದುವ ಮಾತನ್ನು ಕೈಬಿಟ್ಟಿದ್ದರು.

"ಅರ್ಧ ಒಪ್ಪಿದ್ರಲ್ಲ, ಭಾಳ ಆತು," ಎಂದರು ಬಸವಪ್ರಭು.

ಅತ್ತೆಗೂ ಹೇಳಿದಳು. "ಅಂದ್ರ ಒಳ್ಳೆ ಸಾಹೇಬ್ರು ಬಂದ್ರ ಛಲೋ ಆಗ್ತದ," ಎಂದರು ಅವರು.

"ಹೌದ್ರಿ," ಎಂದಳು ತ್ರಿವೇಣಿ. ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಮನೆಯ ಮುಂದಿನ ಗ್ಯಾಲರಿಗೆ ಹೋದಳು, ಒಳಗೆ ಬಂದಳು, ಮತ್ತೆ ಹೋದಳು. ಆ ದೇಶದಲ್ಲಿ ಅಷ್ಟೊತ್ತಿಗೆ ಮನೆ ಹಂಚಲು ಶುರುಮಾಡಿದ್ದರು, ಯಾರಿಗೆ, ಯಾಕೆ ಎಂದು ಜನರ ಮುಂದೆ ಓದದೆಯೇ.