ಇಳಿಬಿದ್ದ ಸೂರು

ಊರಿನವರ ಕತ್ತನ್ನೆಲ್ಲ ನೆಟ್ಟಗೆ ಮಾಡುವ ಫಿಸಿಯೋ ಮೇಡಂ ತನ್ನ ಮನೆಯ ಕಾರಿನಲ್ಲಿ ಮಾತ್ರ ಕತ್ತು ಬಗ್ಗಿಸಿಕೊಂಡೇ ಕೂರುತ್ತಿದ್ದಳು. ದೇವರು ಅವಳಿಗೆ ಎತ್ತರ ಕೊಡುವಾಗ ಕೈ ಬಿಗಿ ಹಿಡಿದಿರಲಿಲ್ಲ. ಅವಳ ಗಂಡನ ಸರದಿ ಬರುವ ಹೊತ್ತಿಗೆ ದಾಸ್ತಾನು ಮುಗಿದಿತ್ತು ಅಂತ ಕಾಣುತ್ತದೆ. ಕಾರಿನ ಒಳಸೂರಿನ ಬಟ್ಟೆ ಮೂರು ಬೇಸಿಗೆಯ ಹಿಂದೆ ಅಂಟು ಬಿಟ್ಟು ಇಳಿಯತೊಡಗಿ, ಈಗ ಹಳೇ ಜೋಳಿಗೆಯ ಹಾಗೆ ಜೋತುಬಿದ್ದಿತ್ತು. ಅದು ಅವಳ ನೆತ್ತಿ ಸವರುತ್ತಿತ್ತು, ಕಾರು ಹಳ್ಳ ಹಾರಿದರೆ ಕಣ್ಣೇ ಮುಚ್ಚುತ್ತಿತ್ತು. ಗಂಡನಾದರೋ ರಸ್ತೆ ಕಾಣಲೆಂದು ಸೀಟಿನ ಮೇಲೆ ದಿಂಬು ಹಾಕಿಕೊಂಡು ಕೂತರೂ ತಲೆಗೂ ಬಟ್ಟೆಗೂ ನಾಲ್ಕು ಬೆರಳು ಜಾಗ ಉಳಿಯುತ್ತಿತ್ತು. ಹಾಗಾಗಿ ಅವನ ಮಟ್ಟಿಗೆ ಆ ಕಾರಿನಲ್ಲಿ ಯಾವ ದೋಷವೂ ಇರಲಿಲ್ಲ.

ಗಂಡ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಮನೆಯಲ್ಲೂ ಅದೇ ಹುದ್ದೆ. ಬೇಳೆ ಬೇಯುವುದನ್ನೂ ಸೊಂಟಕ್ಕೆ ಕೈಯಿಟ್ಟು ನೋಡುವ ಜಾತಿ. ಗೋದಾಮು ಮನೆಯಿಂದ ಕೂಗಳತೆಯ ದೂರ, ಅಲ್ಲಿಗೂ ಕಾರಿನಲ್ಲೇ ಹೋಗಬೇಕು. ಕಾರು ಇಬ್ಬರ ಹೆಸರಿನಲ್ಲಿತ್ತು, ಕೀಲಿ ಒಬ್ಬನ ಜೇಬಿನಲ್ಲಿತ್ತು. ಅವಳು ಲೈಸೆನ್ಸ್ ಮಾಡಿಸಿಕೊಂಡು ವರ್ಷಗಳಾಗಿದ್ದವು. ಕೀಲಿ ಕೇಳಿದಾಗೆಲ್ಲ ಒಂದೇ ಉತ್ತರ.

"ಕೊಡಲ್ಲ ಅಂದ್ನಾ ನಾನು? ನಿನ್ನ ಎತ್ತರಕ್ಕೆ ಆ ಬಟ್ಟೆ ಕಣ್ಣಿಗೆ ಅಡ್ಡ ಬರುತ್ತೆ ಕಣೇ, ಎಲ್ಲಾದ್ರೂ ಗುದ್ದಿಬಿಡ್ತೀಯ. ಅದು ಜೋತಾಡೋದು ನಿಂತ ದಿನ ಕೀಲಿ ನಿಂದೇ. ಅಮ್ಮನ ಎದುರಿಗೇ ಹೇಳ್ತಿದೀನಿ."

ಹೀಗೆ ಮೂಗಿಗೆ ತುಪ್ಪ ಸವರಿ ಸವರಿ ಮೂರು ವರ್ಷ ಕಳೆದ. ನಡುವೆ ರಿಪೇರಿಯೂ ಆಯಿತೆನ್ನಿ. ಮೊದಲು ಗುಂಡುಪಿನ್ನು ಚುಚ್ಚಿದ. ಹಿಂದಿನ ಸೀಟಿನಲ್ಲಿ ಕೂರುವ ಅತ್ತೆಯ ತಲೆಯ ಮೇಲೆ ಅವು ಒಂದೊಂದಾಗಿ ಉದುರಿದವು. ಮನೆಗೆ ಬಂದು ಸೊಸೆಯ ಕೈಯಲ್ಲಿ ಕೂದಲೊಳಗಿನ ಪಿನ್ನು ಹುಡುಕಿಸಿಕೊಳ್ಳುವುದು ಅತ್ತೆಗೆ ರೂಢಿಯೇ ಆಗಿಹೋಯಿತು. ಆಮೇಲೆ ಎರಡು ಡಬ್ಬಿ ಸ್ಪ್ರೇ ಅಂಟು ತಂದು, ಒಂದು ಇಡೀ ರಜಾದಿನ ಕಾರಿನೊಳಗೆ ಬಾಗಿಲು ಹಾಕಿಕೊಂಡು ಕೂತು, ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದ. "ಎರಡೂ ಡಬ್ಬಿ ಖಾಲಿ ಮಾಡಿದೆ. ನಿಲ್ಲಲ್ಲ ಅದು. ಕಂಪನಿಯವನೇ ಮೋಸ ಮಾಡಿದಾನೆ," ಅಂದ. ಕುಣಿಯಲಾರದವನಿಗೆ ನೆಲ ಡೊಂಕು. ಪಾಪ ಎಷ್ಟು ಕಷ್ಟಪಟ್ಟರೋ ಎಂದು ಅವಳು ಅವತ್ತು ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟಿದ್ದಳು.

ಈಗ ಊರಾಚೆಯ ದೊಡ್ಡ ಆಸ್ಪತ್ರೆಯವರು ಅವಳನ್ನು ಕರೆದಿದ್ದರು. ಬೆನ್ನು-ಕತ್ತಿನ ವಿಭಾಗ ಪೂರ್ತಿ ಅವಳ ಕೈಗೆ. ಬೆಳಗಿನ ಮೊದಲ ಬಸ್ಸು ಹೊರಡುವ ಮೊದಲೇ ಅಲ್ಲಿ ಕೆಲಸ ಶುರು. ಬರುತ್ತೀರೋ ಇಲ್ಲವೋ, ಸೋಮವಾರದೊಳಗೆ ಹೇಳಿ ಎಂದಿದ್ದರು. ಕಾರಿಲ್ಲದೆ ಆಗದ ಮಾತು. ಅವಳಿಗೆ ಆ ಕೆಲಸ ಬೇಕಿತ್ತು, ಬೇಕೇ ಬೇಕಿತ್ತು.

ಭಾನುವಾರ ತಿಂಡಿ ಮುಗಿಸಿ ಅವಳು ಸ್ಕ್ರೂಡ್ರೈವರ್ ಹಿಡಿದು ಕಾರಿನ ಕೆಲಸಕ್ಕೆ ಇಳಿದಳು. ಹಿಂಬದಿಗೆ ತೆಳು ಸ್ಪಂಜು ಅಂಟಿದ ಸೂರಿನ ಬಟ್ಟೆಯನ್ನು ಹಿಂದಿನ ದಿನವೇ ತಂದಿದ್ದಳು. ಅಂಟು ಮಾತ್ರ ಅಂಗಡಿಯಲ್ಲಿ ಮುಗಿದಿತ್ತು. ಸಂಜೆ ಕೊಡ್ತೀನಿ ಅಂದಿದ್ದ ಅಂಗಡಿಯವನು.

ಸೂಪರ್‌ವೈಸರ್ ಸಾಹೇಬರು ಪ್ಲಾಸ್ಟಿಕ್ ಕುರ್ಚಿ ತಂದು ನೆರಳು ನೋಡಿ ಹಾಕಿಕೊಂಡರು. "ನಿನ್ನ ಕೈಲಿ ಆಗೋ ಕೆಲಸ ಅಲ್ಲ ಕಣೇ ಅದು."

"ನಿಮ್ಮ ಕೈಲೂ ಆಗ್ಲಿಲ್ವಲ್ಲ ರೀ. ಇಬ್ರೂ ಸಮ ಆಗೋಣ ಬಿಡಿ."

ಅವಳು ಬಿಸಿಲುಮರೆ ಬಿಚ್ಚಿದಳು, ಹಿಡಿಕೆಗಳನ್ನು ಬಿಚ್ಚಿದಳು, ದೀಪ ಕಳಚಿದಳು, ಬಾಗಿಲಿನ ರಬ್ಬರು ಎಳೆದಳು. ಸೂರಿನ ಆಕಾರಕ್ಕೆ ಅಚ್ಚೊತ್ತಿದ ದಪ್ಪ ರಟ್ಟು ಮೆಲ್ಲಗೆ ಕೆಳಗಿಳಿಯಿತು. ಅದನ್ನು ಮಡಚುವ ಹಾಗಿಲ್ಲ, ಮಡಚಿದರೆ ಮುರಿಯುತ್ತದೆ. ಡಿಕ್ಕಿಯ ಕಡೆಯಿಂದಲೇ ಜಾರಿಸಿ ತೆಗೆಯಬೇಕು. ದಾರಿ ಮಾಡಲೆಂದು ಡಿಕ್ಕಿಯಲ್ಲಿದ್ದ ಸಾಮಾನು ಹೊರಗಿಟ್ಟಳು. ಹಳೇ ಪೇಪರು, ಒಂಟಿ ಚಪ್ಪಲಿ, ಸ್ಪೇರ್ ಚಕ್ರದ ಮೇಲಿನ ಚಾಪೆ. ಚಾಪೆ ಎತ್ತಿದರೆ ಚಕ್ರದ ಗುಂಡಿಯಲ್ಲಿ ಎರಡು ಡಬ್ಬಿ ಸ್ಪ್ರೇ ಅಂಟು ಒಂದಕ್ಕೊಂದು ಒರಗಿ ಮಲಗಿದ್ದವು. ಮುಚ್ಚಳದ ಸೀಲು ಕೂಡ ಒಡೆದಿರಲಿಲ್ಲ.

ಅವಳು ಡಬ್ಬಿ ಅಲ್ಲಾಡಿಸಿ ನೋಡಿದಳು. ತುಂಬಿತ್ತು. ಕುರ್ಚಿಯ ಕಡೆ ನೋಡಿದಳು. ಅವಳು ಇನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲೇ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ.

"ಅದು... ಬೇರೆ ಡಬ್ಬಿ ಕಣೇ. ಆಮೇಲೆ ತಂದಿದ್ದು."

ಪಾನಕ ನೆನಪಾಗಿ ಅವಳ ಎದೆ ಧಗಧಗ ಉರಿಯಿತು. ಕೂಗಾಡಿದರೆ ಸಂಜೆಯಾಗುತ್ತದೆ, ಕೆಲಸ ನಿಲ್ಲುತ್ತದೆ, ಅವನಿಗೂ ಬೇಕಾದ್ದು ಅದೇ. ಅದಕ್ಕೇ ಡಬ್ಬಿ ತಂದು ಅವನ ಕೈಗಿಟ್ಟಳು.

"ಸೀಲ್ ತೆಗೆದುಕೊಡಿ ರೀ. ನನಗೆ ಅಭ್ಯಾಸ ಇಲ್ಲ."

ಜಗುಲಿಯಲ್ಲಿ ಕೂತಿದ್ದ ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಏನೋ ಅದು, ಅಂಟಾ? ಅವತ್ತು ಖಾಲಿ ಆಯ್ತು ಅಂದ್ಯಲ್ಲೋ. ಮತ್ತೆ ಆ ದಿನವೆಲ್ಲ ಕಾರಲ್ಲಿ ಏನ್ ಮಾಡ್ತಿದ್ದೆ?"

"ಮಲ್ಕೊಂಡಿದ್ದೆ," ಎಂದ ಮಗ. ಇಂಗು ತಿಂದ ಮಂಗನ ಹಾಗಾಗಿತ್ತು ಮುಖ. ಆಮೇಲೆ ಹೊಟ್ಟೆಯಲ್ಲಿದ್ದದ್ದೂ ಹೊರಬಿತ್ತು. "ಇವಳು ಕಾರಲ್ಲಿ ಹೋಗೋದು, ನಾನು ಕೈಬೀಸ್ಕೊಂಡು ನಡ್ಕೊಂಡು ಹೋಗೋದು. ಗೋದಾಮಿನವರು ಏನಂತಾರೆ?"

"ಸಾಹೇಬರಿಗೆ ಕಾಲಿದೆ ಅಂತಾರೆ," ಎಂದರು ಅತ್ತೆ. "ನನ್ನ ತಲೆಗೆ ಪಿನ್ನು ಚುಚ್ಚಿಸಿದ್ದು ಇದಕ್ಕೇನೋ?"

ಅವನು ಸೀಲು ತೆಗೆದುಕೊಟ್ಟ.

ಹಳೇ ಬಟ್ಟೆ ಕಿತ್ತಾಗ ಪುಡಿಯಾದ ಸ್ಪಂಜು ಅವಳ ಮೈಮೇಲೆಲ್ಲ ಉದುರಿತು. "ಅದರ ಮೇಲೇ ಅಂಟು ಹೊಡಿ," ಎಂಬ ಸಲಹೆ ಕುರ್ಚಿಯಿಂದ ಬಂತು. ಚಾಳಿ ಅಷ್ಟು ಬೇಗ ಬಿಡುತ್ತದೆಯೇ? ಪುಡಿಯ ಮೇಲೆ ಅಂಟು ಹಾಕಿದರೆ ಹೊಸ ಬಟ್ಟೆ ಪುಡಿಗೆ ಅಂಟುತ್ತದೆಯೇ ಹೊರತು ರಟ್ಟಿಗಲ್ಲ, ಮುಂದಿನ ಬೇಸಿಗೆಗೆ ಮತ್ತೆ ನೆತ್ತಿಗೆ ಬರುತ್ತದೆ. ಅವಳು ಬ್ರಶ್ಶು ಹಿಡಿದು ರಟ್ಟು ಬರಿದಾಗುವವರೆಗೂ ಉಜ್ಜಿದಳು. ಬಟ್ಟೆ ಹಾಸಿ, ಅರ್ಧ ಮಡಿಚಿ, ರಟ್ಟಿಗೂ ಬಟ್ಟೆಗೂ ಅಂಟು ಹೊಡೆದು, ಬೆರಳಿಗೆ ನೂಲು ಏಳದಷ್ಟು ಒಣಗಲು ಬಿಟ್ಟಳು. ಆಮೇಲೆ ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಒತ್ತಿ ಸವರುತ್ತ ಹೋದಳು, ದಿನಾ ಹಿಡಿದುಕೊಂಡ ಬೆನ್ನುಗಳನ್ನು ಸವರುವ ಹಾಗೆಯೇ. ಒಂದು ಸುಕ್ಕೂ ಉಳಿಯಲಿಲ್ಲ. ಉಳಿದರ್ಧಕ್ಕೂ ಅದೇ ಉಪಚಾರವಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ರಟ್ಟು ಮೇಲೇರಿ, ಹಿಡಿಕೆ ದೀಪಗಳು ಸ್ವಸ್ಥಾನ ಸೇರಿದವು. ಅವಳು ಕೈ ಚಾಚಿದಳು.

"ಒಂದು ವಾರ ಒಣಗಲಿ ಕಣೇ. ಅಂಟು ಹಿಡೀಬೇಕು," ಎಂದ ಗಂಡ.

"ಜೋತಾಡೋದು ನಿಂತ ದಿನ ಅಂದಿದ್ದೆ ಕಣೋ. ನನ್ನ ಎದುರಿಗೇ," ಎಂದರು ಅತ್ತೆ. ಅವರಾಗಲೇ ಎದ್ದು ಹೋಗಿ, ಮುಂದಿನ ಸೀಟಿನ ದಿಂಬು ತೆಗೆದು, ಹಿಂದೆ ಹಾಕಿಕೊಂಡು ಕೂತಾಗಿತ್ತು. ಕೀಲಿ ಜೇಬಿನಿಂದ ಹಲ್ಲು ಕಿತ್ತ ಹಾಗೆ ಹೊರಗೆ ಬಂತು.

ಅವಳು ಸೀಟು ಹಿಂದಕ್ಕೆ ಸರಿಸಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ನೆತ್ತಿಗೆ ಏನೂ ತಾಗಲಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಂಡಳು. ಆಸ್ಪತ್ರೆಗೆ ಫೋನು ಮಾಡಿ, "ಬರ್ತೀನಿ ಡಾಕ್ಟ್ರೇ," ಎಂದಷ್ಟೇ ಹೇಳಿ ಗಾಡಿ ಹೊರಡಿಸಿದಳು.

ಬೀದಿಯ ತಿರುವಿನಲ್ಲಿ ಪಕ್ಕದ ಸೀಟಿನಿಂದ ಸಣ್ಣ ದನಿ ಬಂತು. ದಿಂಬಿಲ್ಲದ ಸೂಪರ್‌ವೈಸರ್ ಸಾಹೇಬರು ಕತ್ತು ಎಷ್ಟು ಉದ್ದ ಮಾಡಿದರೂ ಡ್ಯಾಶ್‌ಬೋರ್ಡಿಗಿಂತ ಮೇಲೆ ಏರುತ್ತಿರಲಿಲ್ಲ.

"ನನಗೆ ರಸ್ತೆನೇ ಕಾಣ್ತಿಲ್ಲ ಕಣೇ."

"ಮೂರು ವರ್ಷ ನನಗೂ ಕಾಣ್ತಿರ್ಲಿಲ್ಲ ರೀ," ಎಂದು ಅವಳು ಗೇರು ಬದಲಿಸಿದಳು. "ಅಭ್ಯಾಸ ಆಗುತ್ತೆ."